ಮರಿಯಲ್ಲಿ ಕಾಣದ ಬಿಳಿ ಚುಕ್ಕೆ ರೋಗ ಬೆಳೆದ ಸಿಗಡಿಗೆ ಹೇಗೆ ಬಂತು?

ಗಜನಿ_ಕುಮಟಾ:
ಅಘನಾಶಿನಿ ಹೊಳೆಯ ದಂಡೆಯ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ನಮ್ಮದು ಎರಡು ಟೈಗರ್ ಸಿಗಡಿ ಹೊಂಡ. ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂಬ ಚೀಟಿ ನೋಡಿಯೇ ಮರಿ ಬಿಟ್ಟಿದ್ದೆವು. ಎರಡನೆಯ ತಿಂಗಳವರೆಗೂ ಮೇವು ಚೆನ್ನಾಗಿ ತಿಂದವು. ಕಳೆದ ವಾರದ ಮಳೆಯ ನಂತರ ಒಂದು ಹೊಂಡದ ಚೆಕ್ ಟ್ರೇಯಲ್ಲಿ (ಎಷ್ಟು ತಿಂದವೆಂದು ನೋಡಲು ನೀರಿಗೆ ಇಳಿಬಿಡುವ ತಟ್ಟೆ) ಮೇವು ಹಾಗೆಯೇ ಉಳಿಯಿತು. ಸಿಗಡಿಗಳು ಬದುವಿನ ಅಂಚಿಗೆ ಬಂದು ಮಂಕಾಗಿ ತೇಲುತ್ತಿವೆ. ತಲೆಚಿಪ್ಪು ಸುಲಿದು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ, ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ರೋಗ ಮರಿಯಲ್ಲೇ ಇದ್ದಿದ್ದರೆ ಆಗಲೇ ಸಾಯಬೇಕಿತ್ತಲ್ಲವೇ? ನೀರಿನಿಂದಲೇ ಬಂತು ಎನ್ನುತ್ತಾರೆ ಮರಿ ಮಾಡಿ ಮಾರುವ ಹ್ಯಾಚರಿಯವರು. ಅವರು ಇನ್ನೇನು ಹೇಳಿಯಾರು!

ಹಳೆಯ_ಹ್ಯಾಚರಿಯವ:
ಮರಿ ಸಾಯಲಿಲ್ಲ, ಆದ್ದರಿಂದ ಮರಿ ಶುದ್ಧ ಎಂಬ ಲೆಕ್ಕ ಈ ವೈರಸ್ಸಿನ ಮುಂದೆ ನಡೆಯುವುದಿಲ್ಲ. ತಾಯಿಯಿಂದ ಸೋಂಕು ತಗಲಿದ್ದರೂ ಲಾರ್ವಾ ಮತ್ತು ಎಳೆಯ ಮರಿಗಳಲ್ಲಿ ಲಕ್ಷಣ ತೋರುವುದು ಅಪರೂಪ. ಸಾವು ಶುರುವಾಗುವುದು ಹೊಂಡದಲ್ಲಿ ಬಲಿತ ಮೇಲೆ, ಅದೂ ಮಳೆ ಬಂದು ನೀರಿನ ಉಪ್ಪು, ಬಿಸಿ ಇಳಿದಾಗ. ಆಮೇಲೆ 3ರಿಂದ 10 ದಿನಗಳಲ್ಲಿ ಹೊಂಡ ಖಾಲಿ.

ಇನ್ನು ಆ ಚೀಟಿ. 150 ಮರಿ ಪರೀಕ್ಷಿಸಿದರೆ, ನೂರಕ್ಕೆ 2 ಮರಿಗೆ ಸೋಂಕಿದ್ದಾಗ ಅದು ಸಿಕ್ಕಿಬೀಳುವ ಸಾಧ್ಯತೆ ಶೇ 95. ಸಾವಿರಕ್ಕೆ ಒಂದರಲ್ಲಿದ್ದರೆ ಬಹುತೇಕ ಸಿಗುವುದೇ ಇಲ್ಲ. ಲಕ್ಷ ಮರಿಯಲ್ಲಿ ಅಂಥವು ನೂರು, ಚೀಟಿ ಸಮೇತ ಹೊಂಡಕ್ಕೆ ಇಳಿಯುತ್ತವೆ. ಸತ್ತದ್ದನ್ನು ಉಳಿದವು ತಿನ್ನುತ್ತವೆ, ಅಷ್ಟು ಸಾಕು. ಹಾಗೆಂದು ಹ್ಯಾಚರಿಯ ಮೇಲೇ ತಪ್ಪು ಹೊರಿಸಲಾರೆ: ಏಡಿ ತಾನು ಸಾಯದೆ ಇದೇ ವೈರಸ್ಸನ್ನು ಹೊತ್ತು ಬದು ದಾಟುತ್ತದೆ. ನಿಮ್ಮಲ್ಲಿ ಏಡಿಗೆ ಬೇಲಿ ಇದೆಯೇ?

ಸಿಹಿನೀರು_ಸಾಕಣೆ:
ನಮ್ಮ ಸ್ಕ್ಯಾಂಪಿಯಲ್ಲಿ, ಅಂದರೆ ಸಿಹಿನೀರಿನ ಸಿಗಡಿಯಲ್ಲಿ, ಕಥೆ ತಲೆಕೆಳಗು. ಬಿಳಿ ಬಾಲದ ರೋಗ ಎಳೆಯ ಮರಿಗಳನ್ನೇ ಹಿಡಿಯುತ್ತದೆ. ಬಾಲದ ಮಾಂಸ ಹಾಲಿನಂತಾಗಿ ತೊಟ್ಟಿಗೆ ತೊಟ್ಟಿಯೇ ಸಾಯಬಹುದು. ದೊಡ್ಡವಕ್ಕೆ ಏನೂ ಆಗುವುದಿಲ್ಲ, ಆದರೆ ವೈರಸ್ಸನ್ನು ಸಂತಾನಕ್ಕೆ ದಾಟಿಸುತ್ತವೆ. ನಾವು ತಾಯಿಯನ್ನೇ ಪರೀಕ್ಷಿಸುತ್ತೇವೆ.

ಗಜನಿ_ಕುಮಟಾ:
ಬೇಲಿ ಇಲ್ಲ. ಔಷಧವೇನಾದರೂ ಇದೆಯೇ? ತೂಬು ತೆಗೆದು ನೀರು ಬದಲಿಸಲೇ?

ಹಳೆಯ_ಹ್ಯಾಚರಿಯವ:
ಔಷಧವಿಲ್ಲ, ಅಂಗಡಿಯವರು ಏನೇ ಕೊಟ್ಟರೂ ದುಡ್ಡು ದಂಡ. ತೂಬನ್ನಂತೂ ತೆಗೆಯಲೇಬೇಡಿ, ಆ ನೀರು ಹೊಳೆಗಿಳಿದರೆ ಮುಂದಿನ ಉಬ್ಬರಕ್ಕೆ ನೆರೆಯವರ ಹೊಂಡದಲ್ಲಿರುತ್ತದೆ. ಮಾರುವ ಗಾತ್ರಕ್ಕೆ ಬಂದಿದ್ದರೆ ಇಂದೇ ಬಲೆ ಹಾಕಿ ಹಿಡಿಯಿರಿ, ತಿನ್ನುವ ಮನುಷ್ಯರಿಗೆ ಈ ವೈರಸ್ಸಿನಿಂದ ತೊಂದರೆಯಿಲ್ಲ. ಸತ್ತವನ್ನು ಹೂಳಿ, ಉಳಿದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ. ಆ ಬಲೆ, ಬಕೆಟ್ ಯಾವುದೂ ಎರಡನೆಯ ಹೊಂಡಕ್ಕೆ ತಾಗಕೂಡದು.