ಅಪ್‌ಡೇಟ್: ಕೊನೆಗೂ ಕಿವಿ ಕಣ್ಣಿಗೆ ಬಿತ್ತು!

ನ್ಯೂಜಿಲೆಂಡಿನ ದಕ್ಷಿಣ ತುದಿಯಾಚೆ ಇರುವ ಸ್ಟೀವರ್ಟ್ ದ್ವೀಪದಲ್ಲಿ ಕಿವಿ ಹಕ್ಕಿ ನೋಡೋಕೆ ಗೈಡ್ ಬೇಕೇ ಬೇಕಾ, ಜೊತೆಗೆ ಫೆರಿಯಲ್ಲಿ ವಾಂತಿ ಬರದಂತೆ ಏನು ಮಾಡೋದು ಅಂತ ಕೇಳಿದ್ದೆ. ಮೊನ್ನೆ ವಾಪಸ್ ಬಂದ್ವಿ.

"ಒಬಾನ್ ಊರಿನ ಅಂಚಲ್ಲೇ ರಾತ್ರಿ ಸುತ್ತಾಡಿ, ಸಿಗುತ್ತೆ" ಅನ್ನೋ ಸಲಹೆ ನಮಗೆ ಕೈಕೊಟ್ಟಿತು. ಎರಡು ರಾತ್ರಿ ಕಾಲು ನೋಯಿಸಿಕೊಂಡಿದ್ದೇ ಬಂತು. ದೂರದ ಕೂಗು ಕೇಳಿಸಿತು, ಅಂದ್ರೆ ಕಿವಿ ಬರೀ ಕಿವಿಗೆ ಸಿಕ್ಕಿತು!

ಗೈಡ್ ಜೊತೆ ದೋಣಿಯಲ್ಲಿ ಹೋಗಿ ಅಂದವರಿಗೆ ದೊಡ್ಡ ನಮಸ್ಕಾರ. ಮೂರನೇ ರಾತ್ರಿ ಕತ್ತಲ ಕಡಲತೀರದಲ್ಲಿ ಸಾಲಾಗಿ, ಉಸಿರು ಬಿಗಿಹಿಡಿದು ನಡೆದ್ವಿ. ಮಂದ ಬೆಳಕಿನ ಟಾರ್ಚ್ ಗೈಡ್ ಕೈಯಲ್ಲಿ ಮಾತ್ರ, ಫ್ಲ್ಯಾಶ್ ಹಾಕೋ ಹಾಗಿಲ್ಲ. ಅಲೆ ತಂದು ಹಾಕಿದ ಕಡಲಕಳೆಯಲ್ಲಿ ಒಂದು ಕಿವಿ ಹುಳ ಹೆಕ್ಕುತ್ತಾ ಇತ್ತು. ಆಗಾಗ "ಫುಸ್" ಅಂತ ಸದ್ದು. ಅದರ ಮೂಗಿನ ಹೊಳ್ಳೆ ಇರೋದು ಕೊಕ್ಕಿನ ತುದಿಯಲ್ಲಂತೆ, ಮರಳು ಹೊಕ್ಕಾಗ ಸೀನಿದ ಹಾಗೆ ಹೊರಗೆ ಊದುತ್ತೆ! ಫೋಟೋ ಒಂದೂ ಸರಿ ಬರಲಿಲ್ಲ, ಹೋಗಲಿ ಬಿಡಿ.

ಬ್ಲಫ್ ಬಂದರಿನಿಂದ ದ್ವೀಪಕ್ಕೆ ಫೆರಿ ಸುಮಾರು ಒಂದು ಗಂಟೆ. ಹೋಗುವಾಗ ಶುಂಠಿ ನಂಬಿ ಕೆಟ್ಟೆ. ಬರುವಾಗ ಮಾತ್ರೆಯನ್ನು ಮೊದಲೇ ನುಂಗಿದ್ದೆ, ಆರಾಮಾಗಿ ಬಂದೆ.

ಪಕ್ಕದ ಉಲ್ವಾ ನಡುಗಡ್ಡೆಯನ್ನು 1997ರಲ್ಲಿ ಇಲಿಮುಕ್ತ ಅಂತ ಘೋಷಿಸಿದ್ದಾರೆ. ದೋಣಿ ಹತ್ತೋ ಮುಂಚೆ ಬ್ಯಾಗಲ್ಲಿ ಇಲಿ, ಶೂಗಳಲ್ಲಿ ಬೀಜ ಇದೆಯಾ ನೋಡ್ಕೊಳ್ಳಿ ಅಂತಾರೆ. ನಗಬೇಡಿ, ನಾನೂ ಬ್ಯಾಗ್ ಕೊಡವಿ ನೋಡಿದೆ.