ಸಹಾಯ ಬೇಕು: ಬೀಡ್‌ಲಾಕ್ ಇನ್ಸರ್ಟ್ ಹಾಕಿದ ಮೇಲೆ ರಿಮ್ ಕೂಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. ನನ್ನ ಹಳೇ ಜೀಪಿಗೆ ಬೋಲ್ಟ್ ಹಾಕಿ ಸೇರಿಸುವ ಎರಡು ಪೀಸಿನ ರಿಮ್ ಸಿಕ್ಕಿದೆ. ಮಿಲಿಟರಿ ಗಾಡಿಗಳಿಗೆ ಇರುತ್ತದಲ್ಲ, ಅಂಥದ್ದು. ಜೊತೆಗೆ ಟೈರೊಳಗೆ ಕೂತು, ಅದರ ಬೀಡನ್ನು (ರಿಮ್ಮಿಗೆ ಕೂರುವ ಅಂಚನ್ನು) ಹಿಡಿದಿಡುವ ರಬ್ಬರ್ ಬಳೆ, ಅಂದರೆ ಬೀಡ್‌ಲಾಕ್ ಇನ್ಸರ್ಟೂ ಇದೆ. ವಿಸಿ ನಾಲೆ ಪಕ್ಕದ ಕೆಸರಲ್ಲಿ ಗಾಳಿ 10 ಪಿಎಸ್‌ಐಗೆ ಇಳಿಸಿದರೂ ಟೈರು ರಿಮ್ ಬಿಡಬಾರದು, ಅಷ್ಟೇ ಆಸೆ.

ಪಂಕ್ಚರ್ ಅಂಗಡಿಯವರು ನೋಡಿ, "ಇದು ನಮ್ಮ ಮೆಷಿನ್ನಿಗೆ ಆಗಲ್ಲ ಅಣ್ಣ" ಅಂದರು. ಸರಿ, ಮನೆ ಹಿತ್ತಲಲ್ಲೇ ಶುರು ಮಾಡಿದೆ.

ಲಾರಿ ಲೋಡು ಬಿಗಿಯುವ ರಾಚೆಟ್ ಬೆಲ್ಟಿನಿಂದ ಇನ್ಸರ್ಟನ್ನು ಗೋಡಂಬಿ ಥರ ಮಡಿಸಿ, ಸೋಪು ನೀರು ಸವರಿ ತೂರಿಸಿದೆ. ಬೆಲ್ಟ್ ಬಿಚ್ಚಿದ ತಕ್ಷಣ ಠಪ್ ಅಂತ ಕೂತಿತು. ಎರಡು ಪೀಸಿನ ನಡುವೆ ಗಾಳಿ ಸೋರದಂತೆ ಹಾಕುವ ಓ-ರಿಂಗ್ ಹೊಸದು. ತೊಂದರೆ ಇರುವುದು ಆಮೇಲೆ. ಎರಡು ಪೀಸು ಸೇರಿಸಿದರೆ ಮಧ್ಯೆ ಕಿರುಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಸ್ಟಡ್ಡಿಗೆ ನಟ್ಟೇ ಸರಿಯಾಗಿ ಹಿಡಿಯುತ್ತಿಲ್ಲ. ಸಿ-ಕ್ಲಾಂಪ್ ಹಾಕಿ ಒತ್ತಿದೆ, ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ. ಬಿಸಿಲಲ್ಲಿಟ್ಟು ಮೆತ್ತಗೆ ಮಾಡಿಯೂ ನೋಡಿದೆ.

ಇನ್ಸರ್ಟ್ ಸ್ವಲ್ಪ ಅಗಲ ಇದ್ದು ಎರಡೂ ಬೀಡನ್ನು ರಿಮ್ಮಿಗೆ ಒತ್ತಬೇಕು, ಅದರ ಕೆಲಸವೇ ಅದು ಅಲ್ವಾ. ಆದರೆ ಇದು ಬೇರೆ ಟೈರಿನ ಜೊತೆ ಇದ್ದ ಇನ್ಸರ್ಟ್, ನನ್ನ ಟೈರಿನ ಬೀಡು ಜಾಸ್ತಿ ದಪ್ಪ. ಸುಮ್ನೆ ಕತ್ತರಿಸಿಬಿಟ್ಟರೆ ಹಿಡಿತವೇ ಹೋಗುತ್ತದೆ. ಸಂದು ಪೂರ್ತಿ ಮುಚ್ಚದೆ ಗಾಳಿಯಂತೂ ತುಂಬಿಸಲ್ಲ, ರಿಮ್ ಸಿಡಿದರೆ ಪ್ರಾಣಕ್ಕೇ ಬರುತ್ತದೆ.

ಈ ಕೆಲಸ ಮಾಡಿದವರು ಹೇಳಿ: ಉದ್ದನೆಯ ಬೋಲ್ಟ್ ಹಾಕಿ ಸುತ್ತಲೂ ಸಮವಾಗಿ ಎಳೆದು ಕೂಡಿಸಬಹುದಾ, ಇಲ್ಲಾ ಇನ್ಸರ್ಟ್ ಕತ್ತರಿಸಲೇಬೇಕಾ? ಕತ್ತರಿಸುವುದಾದರೆ ಎರಡು ಬೀಡಿನ ನಡುವಿನ ಅಂತರಕ್ಕಿಂತ ಎಷ್ಟು ಮಿಲಿಮೀಟರ್ ಜಾಸ್ತಿ ಉಳಿಸಬೇಕು?