ಮನೆ ವೆಲ್ಡಿಂಗ್ ಶಾಪ್‌ಗೆ ಗ್ಯಾಸ್ ಸಿಲಿಂಡರ್: ಸ್ವಂತಕ್ಕೆ ತಗೊಳ್ಳೋದಾ, ಬಾಡಿಗೆಗೆ ಇಟ್ಕೊಳ್ಳೋದಾ?

ಗುಬ್ಬಿ_ಫ್ಯಾಬ್ರಿಕೇಷನ್:

ಎಲ್ಲರಿಗೂ ನಮಸ್ಕಾರ. ಗುಬ್ಬಿ ಹತ್ರ ನಮ್ಮ ಮನೆ ಹಿಂದೆ ಶೀಟ್ ಹಾಕ್ಕೊಂಡು ಸಣ್ಣ ವೆಲ್ಡಿಂಗ್ ಶಾಪ್ ನಡೆಸ್ತಿದೀನಿ. ಇಷ್ಟು ದಿನ ಆರ್ಕ್ ಮಷಿನ್ ಒಂದರಲ್ಲೇ ಗೇಟು, ಗ್ರಿಲ್ಲು, ಕಿಟಕಿ ಕೆಲಸ ಆಗ್ತಿತ್ತು. ಈಗ ಮನೆ ಕಟ್ಟೋರೆಲ್ಲ ಮೆಟ್ಟಿಲಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗೇ ಬೇಕು ಅಂತಾರೆ, ಅದಕ್ಕೆ ಆರ್ಗಾನ್ ಗ್ಯಾಸ್ ಬಿಟ್ಕೊಂಡು ವೆಲ್ಡ್ ಮಾಡೋ ಟಿಗ್ ಮಷಿನ್ ತಂದಿದೀನಿ. ಅಡಿಕೆ ಕಾಲದಲ್ಲಿ ಸುಲಿಯೋ ಮಷಿನ್ ರಿಪೇರಿ, ಮಳೆಗೆ ಮುಂಚೆ ಕಲ್ಟಿವೇಟರ್, ಟ್ರೇಲರ್ ಕೆಲಸ ಬರುತ್ತೆ. ದಪ್ಪ ಪ್ಲೇಟ್ ಕತ್ತರಿಸೋಕೆ ಗ್ಯಾಸ್ ಕಟಿಂಗ್ ಸೆಟ್ಟೂ ಬೇಕಾಗಿದೆ.

ತುಮಕೂರಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು ದೊಡ್ಡ ಆರ್ಗಾನ್ ಸಿಲಿಂಡರ್‌ಗೆ 7,000 ಡಿಪಾಸಿಟ್ ಕೇಳಿದ್ರು. ಮೊದಲ 10 ದಿನ ಬಾಡಿಗೆ ಇಲ್ಲ, ಆಮೇಲೆ ದಿನಕ್ಕೆ 10 ರೂಪಾಯಿ. ಇನ್ನೊಬ್ಬರು ಹೊಸ ಸಿಲಿಂಡರನ್ನೇ 11,500ಕ್ಕೆ ಕೊಡ್ತೀನಿ ಅಂದ್ರು, ಜಿಎಸ್‌ಟಿ ಬೇರೆ. ಗ್ಯಾಸ್ ದುಡ್ಡು ಎರಡು ಕಡೆಯೂ ಹೆಚ್ಚು ಕಡಿಮೆ ಒಂದೇ. ರೇಲಿಂಗ್ ಕೆಲಸ ಬಿಟ್ಟು ಬಿಟ್ಟು ಬರುತ್ತೆ, ಒಂದು ದೊಡ್ಡ ಸಿಲಿಂಡರ್ ನನಗೆ ಎರಡು ತಿಂಗಳಾದ್ರೂ ಬಂದೀತು ಅನ್ಸುತ್ತೆ.

ನಮ್ಮಪ್ಪ ಬಾಡಿಗೆ ಸಾಮಾನು ಮನೇಲಿ ಇಡೋದೇ ಬೇಡ ಅಂತಾರೆ. ಆದ್ರೆ ಅಷ್ಟು ದುಡ್ಡು ಒಂದೇ ಸಲ ಹಾಕೋಕೆ ನಾನು ಹಿಂದೆ ಮುಂದೆ ನೋಡ್ತಿದೀನಿ. ಈ ಲೈನಲ್ಲಿ ಇರೋ ಅಣ್ಣಂದಿರು ಹೇಳಿ.

ಶಿರಾ_ಟ್ರಾಕ್ಟರ್_ರಿಪೇರಿ:

ಸ್ವಂತದ್ದೇ ತಗೊಳ್ಳಿ. ಬಾಡಿಗೆ ಮೀಟರ್ ಭಾನುವಾರಾನೂ ಓಡುತ್ತೆ, ಹಬ್ಬದ ದಿನಾನೂ ಓಡುತ್ತೆ. ಕೆಲಸ ಇಲ್ಲದ ತಿಂಗಳು ಖಾಲಿ ಸಿಲಿಂಡರ್‌ಗೆ ದುಡ್ಡು ಕಟ್ಟೋದು ಬಹಳ ಬೇಜಾರು.

ಅಂತರಸನಹಳ್ಳಿ_ಟಿಗ್:

ತಮ್ಮ, ಅವಸರ ಮಾಡಬೇಡಿ. ನಾನು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶುರುವಿಂದ ಎಸ್‌ಎಸ್ ಕೆಲಸವನ್ನೇ ಮಾಡಿಕೊಂಡು ಬಂದವನು. ನನ್ನ ಹತ್ತಿರ ಸ್ವಂತದ್ದೂ ಇವೆ, ಬಾಡಿಗೆಯವೂ ಇವೆ. ಯಾವುದು ಒಳ್ಳೇದು ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗಲ್ಲ. ಯಾವ ಗ್ಯಾಸ್, ಆ ಸಿಲಿಂಡರ್ ನಿಮ್ಮ ಶಾಪಲ್ಲಿ ಎಷ್ಟು ದಿನ ನಿಂತಿರುತ್ತೆ, ಅದನ್ನು ನೋಡಬೇಕು.

ಮೊದಲು ನಿಮ್ಮ ಆರ್ಗಾನ್ ಲೆಕ್ಕ. ದೊಡ್ಡ ಸಿಲಿಂಡರ್ ಅಂದರೆ ಸುಮಾರು 47 ಲೀಟರಿನದು, 150 ಬಾರ್ ಒತ್ತಡಕ್ಕೆ ತುಂಬಿಸಿದರೆ 7 ಕ್ಯೂಬಿಕ್ ಮೀಟರ್, ಅಂದರೆ 7,000 ಲೀಟರ್ ಗ್ಯಾಸ್. ರೇಲಿಂಗ್ ಪೈಪಿಗೆ ನಿಮಿಷಕ್ಕೆ 8 ಲೀಟರ್ ಇಟ್ಟರೆ ಟಾರ್ಚ್ ಉರಿಯೋ ಸಮಯವೇ 14 ಗಂಟೆ ಮೇಲೆ ಸಿಗುತ್ತೆ. ಪೈಪ್ ಅಳತೆ, ಕಟಿಂಗ್, ಫಿಟಿಂಗ್, ಪಾಲಿಶ್ ಇವಕ್ಕೆ ಗ್ಯಾಸ್ ಬೇಡವಲ್ಲ, ಹಾಗಾಗಿ ಎರಡು ತಿಂಗಳು ಅನ್ನೋ ನಿಮ್ಮ ಅಂದಾಜು ಸರಿಯಾಗೇ ಇದೆ. ಎರಡು ತಿಂಗಳಲ್ಲಿ 10 ದಿನ ಬಿಟ್ಟರೆ 50 ದಿನಕ್ಕೆ 500 ರೂಪಾಯಿ, ವರ್ಷಕ್ಕೆ 3,000 ಬಾಡಿಗೆ. ಸ್ವಂತದ್ದು 18% ಜಿಎಸ್‌ಟಿ ಸೇರಿ 13,570. ಆದರೆ ಬಾಡಿಗೆಗೆ ತಂದರೂ ಸಿಲಿಂಡರ್ ವಾಪಸ್ ಕೊಡೋವರೆಗೆ ಡಿಪಾಸಿಟ್ 7,000 ಅವರ ಹತ್ತಿರವೇ ಕೂತಿರುತ್ತಲ್ಲ. ಅಂದರೆ ಹೆಚ್ಚಿಗೆ ಹಾಕಬೇಕಾದ್ದು 6,570. ಎರಡು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಅದು ಹುಟ್ಟಿಬಿಡುತ್ತೆ. ಆಮೇಲೂ ಸಿಲಿಂಡರ್ ನಿಮ್ಮದೇ, ಬೇಡ ಅಂದರೆ ಮಾರಬಹುದು.

ಗ್ಯಾಸ್ ಕಟಿಂಗ್‌ಗೆ ಬೇಕಾದ ಆಕ್ಸಿಜನ್‌ಗೆ ಇದೇ ಲೆಕ್ಕ ಉಲ್ಟಾ. ಟ್ರೇಲರ್ ಕೆಲಸ ಬಂದಾಗ ಕಟಿಂಗ್‌ಗೆ ಇಳಿದರೆ ಒಂದು ಸಿಲಿಂಡರ್ ಆ ಹತ್ತು ದಿನದೊಳಗೇ ಮುಗಿದು ವಾಪಸ್ ಹೋಗುತ್ತೆ. ಬಾಡಿಗೆಯೇ ಬೀಳಲ್ಲ. ಕೆಲಸ ಇಲ್ಲದಾಗ ಖಾಲಿದನ್ನು ಕೊಟ್ಟು ಕೂತುಕೊಳ್ಳಿ, ಮುಂದಿನ ಕೆಲಸಕ್ಕೆ ಮತ್ತೆ ತನ್ನಿ. ಅದಕ್ಕೆ ಸ್ವಂತ ಸಿಲಿಂಡರ್ ಯಾಕೆ?

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಮಾತು. "ಸ್ವಂತ" ಅಂತ ದುಡ್ಡು ಕೊಟ್ಟ ಮೇಲೆ ನೀವು ತಂದ ಅದೇ ಸಿಲಿಂಡರ್ ತುಂಬಿ ವಾಪಸ್ ಬರುತ್ತಾ, ಅಥವಾ ಖಾಲಿ ಕೊಟ್ಟು ಬೇರೆ ಯಾವುದೋ ತುಂಬಿದ್ದನ್ನು ಹೊತ್ತುಕೊಂಡು ಬರಬೇಕಾ? ದುಡ್ಡು ಕೊಡೋಕೆ ಮುಂಚೆ ಡೀಲರನ್ನು ಇದೊಂದು ಕೇಳಿ. ಸಿಲಿಂಡರಿನ ಹೆಗಲ ಮೇಲೆ ಸೀರಿಯಲ್ ನಂಬರ್, ಖಾಲಿ ತೂಕ, ಎಷ್ಟು ಲೀಟರ್ ನೀರು ಹಿಡಿಯುತ್ತೆ ಅನ್ನೋ ಅಳತೆ, ಟೆಸ್ಟ್ ಆದ ತಿಂಗಳು ವರ್ಷ ಎಲ್ಲ ಗುದ್ದಿರುತ್ತೆ. ಇಂಥ ಸಿಲಿಂಡರಿಗೆ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡೋ ಪರೀಕ್ಷೆ) ಆಗಲೇಬೇಕು, ದಿನ ಮೀರಿದ್ದನ್ನು ಗ್ಯಾಸ್ ತುಂಬಿಸೋ ಪ್ಲಾಂಟ್‌ನವರು ತುಂಬಿಸೋ ಹಾಗಿಲ್ಲ. ನನ್ನ ಪರಿಚಯದ ಒಬ್ಬರು ಹೊಸದಾಗಿ ತಂದ ಸಿಲಿಂಡರನ್ನು ಮೊದಲ ರೀಫಿಲ್‌ನಲ್ಲೇ ಅದಲು ಬದಲು ಮಾಡಿಕೊಂಡರು. ಕೈಗೆ ಬಂದದ್ದು ಟೆಸ್ಟ್ ಡ್ಯೂ ಹತ್ತಿರ ಇದ್ದ ಹಳೇದು. ಮುಂದಿನ ಸಲ ಒಯ್ದಾಗ ಟೆಸ್ಟ್ ಖರ್ಚು ಅವರ ತಲೆಗೇ ಬಂತು. ಹೊಸ ಸಿಲಿಂಡರ್ ದುಡ್ಡು ಕೊಟ್ಟವರು ಅವರು, ಹೊಸ ಸಿಲಿಂಡರ್ ಓಡಾಡ್ತಾ ಇರೋದು ಬೇರೆ ಯಾರದೋ ಶಾಪಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

ಅದಕ್ಕೇ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಟೆಸ್ಟ್ ಸರ್ಟಿಫಿಕೇಟ್ ಇಸ್ಕೊಳ್ಳಿ. ರೀಫಿಲ್‌ಗೆ ಕಳಿಸುವಾಗ ಚಲನ್‌ನಲ್ಲೂ ಅದೇ ನಂಬರ್ ಇರಲಿ. ನಿಮ್ಮದನ್ನೇ ತುಂಬಿಸಿ ಕೊಡಿ ಅಂದರೆ ಎರಡು ಮೂರು ದಿನ ಕಾಯಬೇಕಾಗಬಹುದು, ಅಷ್ಟರಲ್ಲಿ ಕೆಲಸ ನಿಲ್ಲಬಾರದು ಅಂದರೆ ಒಂದು ಚಿಕ್ಕ ಸಿಲಿಂಡರ್ ಜೊತೆಗಿರಬೇಕು.

ಬಾಡಿಗೆ ಕಡೆಯೂ ಕಾಗದ ಗಟ್ಟಿಯಿರಲಿ. ಡಿಪಾಸಿಟ್ ರಸೀದಿಯಲ್ಲಿ "ವಾಪಸ್ ಕೊಡತಕ್ಕದ್ದು" ಅಂತ ಇರಬೇಕು. ವಾಲ್ವ್ ಹಾಳಾದರೆ, ಕ್ಯಾಪ್ ಕಳೆದರೆ ಎಷ್ಟು ಹಿಡ್ಕೋತಾರೆ ಅಂತ ಮೊದಲೇ ಮಾತಾಡಿ.

ಗುಬ್ಬಿ_ಫ್ಯಾಬ್ರಿಕೇಷನ್:

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅದೇ ಸಿಲಿಂಡರ್ ವಾಪಸ್ ಬರುತ್ತಾ ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ಇನ್ನೆರಡು ಕೇಳ್ತೀನಿ. ತುಮಕೂರಲ್ಲಿ ಒಂದು ಗುಜರಿ ಅಂಗಡೀಲಿ ಹಳೇ ಸಿಲಿಂಡರ್ 4,000ಕ್ಕೆ ಕೊಡ್ತಾರಂತೆ, ತರಬಹುದಾ? ಮತ್ತೆ ಚಿಕ್ಕದು ಅಂದ್ರಲ್ಲ, 10 ಲೀಟರಿಂದು ಸಾಕಾಗುತ್ತಾ?

ಅಂತರಸನಹಳ್ಳಿ_ಟಿಗ್:

ಗುಜರಿಯದು ಬೇಡವೇ ಬೇಡ ತಮ್ಮ. ಹೆಗಲ ಮೇಲೆ ಗ್ಯಾಸ್ ಕಂಪನಿ ಹೆಸರು ಗುದ್ದಿದ್ದರೆ ಅದು ಆ ಕಂಪನಿಯ ಸೊತ್ತು, ಗುಜರಿಯವರಿಗೆ ಮಾರೋ ಹಕ್ಕೇ ಇಲ್ಲ. ನಾಳೆ ಪ್ಲಾಂಟಿಗೆ ಒಯ್ದರೆ ತುಂಬಿಸಲ್ಲ, ಹಿಡಿದಿಟ್ಟುಕೊಂಡರೂ ನೀವು ಮಾತಾಡೋ ಹಾಗಿಲ್ಲ. ಹೆಸರಿಲ್ಲದ್ದಾದರೂ ಬೆಂಕಿಯಲ್ಲಿ ಬಿದ್ದಿತ್ತೋ, ಟೆಸ್ಟಲ್ಲಿ ಫೇಲ್ ಆಗಿ ಎಸೆದಿದ್ದೋ ಯಾರಿಗೆ ಗೊತ್ತು. ಕೆಲವರು ಆಕ್ಸಿಜನ್‌ದಕ್ಕೆ ನೀಲಿ ಬಳಿದು ಆರ್ಗಾನ್ ಅಂತ ಕೊಡ್ತಾರೆ. ಆಕ್ಸಿಜನ್‌ಗೆ ಕಪ್ಪು ಮೈ ಬಿಳಿ ಕತ್ತು, ಆರ್ಗಾನ್‌ಗೆ ನೀಲಿ, ಅಸಿಟಿಲೀನ್‌ಗೆ ಮರೂನ್. ಈ ಬಣ್ಣ ನಮ್ಮ ಇಷ್ಟದಂತೆ ಬದಲಾಯಿಸೋದಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಇದಕ್ಕೆಲ್ಲ ಇವೆ, ನೋಡಿಕೊಳ್ಳೋದು ನಾಗಪುರದಲ್ಲಿ ಮುಖ್ಯ ಕಚೇರಿ ಇರೋ ಪೆಸೋ ಅನ್ನೋ ಕೇಂದ್ರ ಸರ್ಕಾರದ ಸುರಕ್ಷತಾ ಸಂಸ್ಥೆ. 150 ಬಾರ್ ಅಂದರೆ ಲಾರಿ ಟೈರಿನ ಗಾಳಿಯ ಒತ್ತಡದ ಹದಿನೈದು ಪಟ್ಟಿಗಿಂತಲೂ ಹೆಚ್ಚು. ಮನೆ ಹಿಂದೆ ಮಕ್ಕಳು ಓಡಾಡೋ ಜಾಗದಲ್ಲಿ ಗುರುತಿಲ್ಲದ ಉಕ್ಕನ್ನು ನಂಬಬೇಡಿ.

10 ಲೀಟರಿನದರಲ್ಲಿ 1,500 ಲೀಟರ್ ಗ್ಯಾಸ್ ಹಿಡಿಯುತ್ತೆ, ಟಾರ್ಚ್ ಉರಿಯೋ ಲೆಕ್ಕಕ್ಕೆ ಮೂರು ಗಂಟೆ. ಶಾಪಿಗೆ ಅದೊಂದೇ ಸಾಲದು, ಲೀಟರ್ ಲೆಕ್ಕದಲ್ಲಿ ರೀಫಿಲ್ ದುಬಾರಿಯೂ ಬೀಳುತ್ತೆ. ಆದರೆ ರೇಲಿಂಗ್ ಕೆಲಸ ಅಂದರೆ ಎರಡನೇ ಮಹಡಿಗೆ ಹತ್ತಬೇಕು. ದೊಡ್ಡದು ಖಾಲಿಯೇ ಐವತ್ತು ಕೆ.ಜಿ. ಮೇಲೆ ತೂಗುತ್ತೆ, ಹೊಸ ಟೈಲ್ಸ್ ಹಾಕಿದ ಮೆಟ್ಟಿಲ ಮೇಲೆ ಅದನ್ನು ಉರುಳಿಸೋಕಾಗುತ್ತಾ? ನನ್ನನ್ನು ಕೇಳಿದರೆ 10 ಲೀಟರಿನದನ್ನು ಈಗಲೇ ಸ್ವಂತಕ್ಕೆ ತಗೊಳ್ಳಿ. ದೊಡ್ಡದು ಒಂದು ವರ್ಷ ಬಾಡಿಗೆಗಿರಲಿ. ಎಸ್‌ಎಸ್ ಕೆಲಸ ನಿಮಗೆ ಕೈಹಿಡಿಯುತ್ತೆ ಅಂತ ಗೊತ್ತಾದ ಮೇಲೆ ದೊಡ್ಡದನ್ನೂ ಸ್ವಂತ ಮಾಡ್ಕೊಳ್ಳಿ. ಮೂರು ಸಾವಿರ ಬಾಡಿಗೆ ಹೋದರೂ ನಿಮ್ಮ ಸ್ಥಿತಿಗೆ ಅದು ನಷ್ಟ ಅಲ್ಲ ಅಂತ ನನ್ನ ಅಭಿಪ್ರಾಯ.

ಸ್ವಂತದ್ದನ್ನು ಯಾವತ್ತೂ ಪೂರ್ತಿ ಖಾಲಿ ಮಾಡಬೇಡಿ. ಸ್ವಲ್ಪ ಪ್ರೆಷರ್ ಇರುವಾಗಲೇ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ಹೊರಗಿನ ತೇವ ಒಳಗೆ ಹೋಗಿ, ತುಂಬಿಸಿ ತಂದ ಮೇಲೆ ಎಸ್‌ಎಸ್ ಜಾಯಿಂಟ್ ಕಪ್ಪಾಗುತ್ತೆ.

ತಿಪಟೂರು_ಗ್ಯಾಸ್_ಕಟಿಂಗ್:

ಟಿಗ್ ವಿಷಯ ಅಣ್ಣ ಹೇಳಿದ್ದೇ ಸರಿ. ಕಟಿಂಗ್ ಬಗ್ಗೆ ನಾನು ಸೇರಿಸ್ತೀನಿ. ನಿಮಗೆ ಬರೀ ಕಟಿಂಗ್ ಆದ್ರೆ ಅಸಿಟಿಲೀನ್, ನಾವು ಡಿಎ ಅಂತೀವಲ್ಲ, ಅದು ಬೇಕಿಲ್ಲ. ಅದನ್ನ ಸ್ವಂತಕ್ಕೆ ತಗೊಳ್ಳೋದಂತೂ ಬೇಡ. ಒಳಗೆ ಸರಂಧ್ರ ಪದಾರ್ಥ ತುಂಬಿ ಅಸಿಟೋನ್‌ನಲ್ಲಿ ಗ್ಯಾಸ್ ಕರಗಿಸಿರ್ತಾರೆ. ಅಸಿಟೋನ್ ಕಮ್ಮಿ ಆದ್ರೆ ತುಂಬಿಸಬೇಕು, ಒಳಗಿನದು ಕುಸಿದಿದ್ಯಾ ನೋಡಬೇಕು, ಅದೆಲ್ಲ ಕಂಪನಿ ತಲೆನೋವಾಗಿಯೇ ಇರಲಿ. ಮಲಗಿಸಿ ಉಪಯೋಗಿಸಿದ್ರೆ ಅಸಿಟೋನೇ ಹೊರಗೆ ಬರುತ್ತೆ. ಒಂದೇ ಸಲ ಜಾಸ್ತಿ ಗ್ಯಾಸ್ ಎಳೆಯೋ ಹಾಗೂ ಇಲ್ಲ.

ನಾನು ಎಲ್‌ಪಿಜಿ ಮತ್ತು ಆಕ್ಸಿಜನ್‌ನಲ್ಲೇ ಕತ್ತರಿಸೋದು. ಪ್ಲೇಟ್ ಕಾಯೋಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ, ನಾಝಲ್ ಎಲ್‌ಪಿಜಿದೇ ಹಾಕಬೇಕು, ಹೋಸ್ ಕೂಡ ಅದಕ್ಕೆ ಆಗೋದೇ ಇರಬೇಕು. ಗ್ಯಾಸ್ ವೆಲ್ಡಿಂಗ್ ಮಾತ್ರ ಇದರಲ್ಲಿ ಆಗಲ್ಲ. ಏಜೆನ್ಸಿಯಿಂದ 19 ಕೆ.ಜಿ. ಕಮರ್ಷಿಯಲ್ ಕನೆಕ್ಷನ್ ತಗೊಳ್ಳಿ, ಡಿಪಾಸಿಟ್ ಒಂದು ಸಲ, ದಿನದ ಬಾಡಿಗೆ ಇಲ್ಲ. ಅಡುಗೆ ಮನೆಯ 14.2 ಕೆ.ಜಿ. ಸಿಲಿಂಡರ್ ಮಾತ್ರ ಎತ್ಕೊಂಡು ಬರಬೇಡಿ, ಅದು ಕಾನೂನಿಗೆ ವಿರುದ್ಧ.

ಗುಬ್ಬಿ_ಫ್ಯಾಬ್ರಿಕೇಷನ್:

ಹಾಗಾದ್ರೆ 10 ಲೀಟರ್ ಆರ್ಗಾನ್ ಸ್ವಂತ, ದೊಡ್ಡದು ಒಂದು ವರ್ಷ ಬಾಡಿಗೆ, ಆಕ್ಸಿಜನ್ ಬೇಕಾದಾಗ ಮಾತ್ರ, 19 ಕೆ.ಜಿ. ಎಲ್‌ಪಿಜಿ. ಅಪ್ಪನ ಹತ್ರ ಈ ಲೆಕ್ಕ ಓದಿ ಹೇಳಿದೆ, ಒಪ್ಪಿದ್ರು. ಇಡೋ ಜಾಗ ಹೇಗೆ? ಶೆಡ್ಡಿನ ಗೋಡೆ ಆಚೆ ಅಡುಗೆ ಮನೆ ಇದೆ.

ತಿಪಟೂರು_ಗ್ಯಾಸ್_ಕಟಿಂಗ್:

ಅಡುಗೆ ಮನೆ ಗೋಡೆ ಕಡೆ ಬೇಡ, ಎದುರು ಮೂಲೆಗೆ ಹಾಕಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ಹರಡುತ್ತೆ, ಹಾಗಾಗಿ ಹತ್ರ ಗುಂಡಿ, ಚರಂಡಿ ಬಾಯಿ ಇರಬಾರದು, ಶೀಟಿನ ಕೆಳಗಡೆ ಗಾಳಿ ಆಡೋಕೆ ಬಿಟ್ಟಿರಬೇಕು. ಕೆಲಸ ಇಲ್ಲದಾಗ ಆಕ್ಸಿಜನ್ನೂ ಎಲ್‌ಪಿಜಿನೂ ಒಟ್ಟಿಗೆ ಇಡಬೇಡಿ. 6 ಮೀಟರ್ ದೂರ, ಅಷ್ಟು ಜಾಗ ಇಲ್ಲಾಂದ್ರೆ ನಡುವೆ ಆಳೆತ್ತರ ಇಟ್ಟಿಗೆ ಗೋಡೆ. ಎಲ್ಲವನ್ನೂ ನಿಲ್ಲಿಸಿ ಸರಪಳಿ ಹಾಕಿ. ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಕೈ ತಾಗಿಸಬೇಡಿ. ಟ್ರಾಕ್ಟರ್ ಕೆಲಸ ಮಾಡೋರಿಗೆ ಇದೇ ದೊಡ್ಡ ಅಪಾಯ, ಸೋಪಲ್ಲಿ ಕೈ ತೊಳೆದೇ ಮುಟ್ಟಿ. ಎರಡೂ ಲೈನಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಹೋಸ್‌ನಲ್ಲಿ ಹಿಂದಕ್ಕೆ ಹೋಗದ ಹಾಗೆ ತಡೆಯೋದು) ಹಾಕಿಸಿ, ಕಟಿಂಗ್ ಸೆಟ್ ಜೊತೆ ಕೊಡದಿದ್ರೆ ಬೇರೆಯಾಗಿ ಕೇಳಿ ತಗೊಳ್ಳಿ.